ರೆಕಾರ್ಡ್ ಪುಸ್ತಕದಲ್ಲಿ ಎಲ್ಲರ ರೀಡಿಂಗೂ ಒಂದೇ ಹೇಗೆ?

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಸೀಟಿಗಾಗಿ ಸಿಇಟಿ ಆಪ್ಷನ್ ಎಂಟ್ರಿಯ ದಿನಗಳು ಬಂದರೆ ಸಾಕು, ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಮೇಲೋ, ಟೆಲಿಕಮ್ಯುನಿಕೇಷನ್ ಮೇಲೋ ಎಂದು ಮನೆಮನೆಯಲ್ಲೂ ಚರ್ಚೆ. ಎರಡರ ಮೂಲ ವಿಷಯಗಳು ಬಹುಪಾಲು ಒಂದೇ ಆದ್ದರಿಂದ ಈ ಚರ್ಚೆಯಲ್ಲಿ ಹೆಚ್ಚು ಹುರುಳಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಸೇರಿದ ಮೇಲೆ ಲ್ಯಾಬ್‌ನಲ್ಲಿ ಏನು ನಡೆಯುತ್ತದೆ?

ಒಂದು ಬ್ಯಾಚಿನ ಹತ್ತು ರೆಕಾರ್ಡ್ ಪುಸ್ತಕ ತೆಗೆದು 555 ಟೈಮರ್ (ಒಂದೇ ಸಮನೆ ಏರಿಳಿಯುವ ಅಲೆ ಕೊಡುವ ಐಸಿ) ಪ್ರಯೋಗದ ಪುಟ ಬಿಡಿಸಿ ನೋಡಿ. ರೆಸಿಸ್ಟರ್‌ಗಳು ಆರ್‌ಎ 1 ಕಿಲೋ ಓಮ್, ಆರ್‌ಬಿ 6.8 ಕಿಲೋ ಓಮ್, ಕೆಪಾಸಿಟರ್ 0.1 ಮೈಕ್ರೊಫ್ಯಾರಡ್. ಸೂತ್ರಕ್ಕೆ ಹಾಕಿದರೆ ಬರುವ ಫ್ರೀಕ್ವೆನ್ಸಿ 986 ಹರ್ಟ್ಜ್. ‘ಪ್ರಾಯೋಗಿಕ ಬೆಲೆ’ ಎಂಬ ಕಾಲಮ್ಮಿನಲ್ಲೂ 980, 985, 990 ಹೀಗೇ ಇರುತ್ತದೆ, ಹತ್ತೂ ಪುಸ್ತಕದಲ್ಲಿ. ಇದು ಹೇಗೆ ಸಾಧ್ಯ? ಪ್ರಯೋಗಕ್ಕೆ ಕೊಡುವ ಸೆರಾಮಿಕ್ ಕೆಪಾಸಿಟರ್ ಮೇಲೆ 104 (ಅಂದರೆ 0.1 ಮೈಕ್ರೊಫ್ಯಾರಡ್) ಎಂದು ಬರೆದಿರುತ್ತದೆ, ಅದರ ಪಕ್ಕದಲ್ಲಿ ಒಂದು ಅಕ್ಷರವೂ ಇರುತ್ತದೆ. ‘ಕೆ’ ಇದ್ದರೆ ಶೇ 10ರಷ್ಟು ಆಚೀಚೆ, ‘ಎಂ’ ಇದ್ದರೆ ಶೇ 20. ‘ಝಡ್’ ಇದ್ದರಂತೂ ಶೇ 80ರಷ್ಟು ಹೆಚ್ಚು ಅಥವಾ ಶೇ 20ರಷ್ಟು ಕಡಿಮೆ ಇರಬಹುದು. ಕೆಪಾಸಿಟರಿನ ಬೆಲೆ ಹೆಚ್ಚಿದಷ್ಟೂ ಫ್ರೀಕ್ವೆನ್ಸಿ ಇಳಿಯುತ್ತದೆ. ಅಂದರೆ ‘ಎಂ’ ಕೆಪಾಸಿಟರಿನಲ್ಲಿ 820ರಿಂದ 1,230 ಹರ್ಟ್ಜ್‌ವರೆಗೆ ಎಷ್ಟು ಬಂದರೂ ಸರಿ. ‘ಝಡ್’ನಲ್ಲಿ 550ಕ್ಕೆ ಇಳಿದರೂ ಸರ್ಕ್ಯೂಟಿನ ತಪ್ಪಲ್ಲ. 700 ಹರ್ಟ್ಜ್ ಬಂದ ವಿದ್ಯಾರ್ಥಿ ನಿಜವಾಗಿ ಏನೋ ಕಂಡಿದ್ದಾನೆ. ಆದರೆ ಸಹಿ ಸಿಗುವುದು 985 ಎಂದು ತಿದ್ದಿದವನಿಗೆ.

ಸಿಗ್ನಲ್ ಹಿಗ್ಗಿಸುವ ಐಸಿಯಾದ 741 ಆಪ್‌ ಆಂಪ್‌ನ ಕಥೆಯೂ ಇದೇ. 10 ಕಿಲೋ ಓಮ್ ಮತ್ತು 100 ಕಿಲೋ ಓಮ್ ಹಾಕಿ ಹತ್ತು ಪಟ್ಟು ಗೇನ್ (ವರ್ಧನೆ) ಇರುವ, ಅಲೆಯನ್ನು ತಲೆಕೆಳಗು ಮಾಡುವ ಇನ್ವರ್ಟಿಂಗ್ ಆಂಪ್ಲಿಫೈಯರ್ ಕಟ್ಟುತ್ತಾರೆ. ಲೆಕ್ಕದ ಪ್ರಕಾರ ಬ್ಯಾಂಡ್‌ವಿಡ್ತ್ (ಗೇನ್ ಹೆಚ್ಚು ಕುಗ್ಗದೆ ಕೆಲಸ ಮಾಡುವ ಫ್ರೀಕ್ವೆನ್ಸಿಯ ಮಿತಿ) ಸುಮಾರು 90 ಕಿಲೋಹರ್ಟ್ಜ್. ಆದರೆ ಔಟ್‌ಪುಟ್ 8 ವೋಲ್ಟ್ ಪೀಕ್ ಇಟ್ಟುಕೊಂಡು ಫ್ರೀಕ್ವೆನ್ಸಿ ಏರಿಸುತ್ತ ಹೋದರೆ 10 ಕಿಲೋಹರ್ಟ್ಜ್ ದಾಟುತ್ತಿದ್ದಂತೆ ಸೈನ್ ಅಲೆ ತ್ರಿಕೋನದತ್ತ ವಾಲುತ್ತದೆ. 741ರ ಸ್ಲ್ಯೂ ರೇಟ್ ಮೈಕ್ರೊಸೆಕೆಂಡಿಗೆ 0.5 ವೋಲ್ಟ್ ಮಾತ್ರ. ಅದಕ್ಕಿಂತ ವೇಗವಾಗಿ ಅದರ ಔಟ್‌ಪುಟ್ ಏರಲಾರದು. ಇನ್‌ಪುಟ್ಟನ್ನು ಹತ್ತರಲ್ಲೊಂದು ಭಾಗಕ್ಕೆ ಇಳಿಸಿ ನೋಡಿದರೆ ಅದೇ ಸರ್ಕ್ಯೂಟ್ 50 ಕಿಲೋಹರ್ಟ್ಜ್‌ನಲ್ಲೂ ನೆಟ್ಟಗಿನ ಸೈನ್ ಅಲೆ ಕೊಡುತ್ತದೆ. ಐದು ನಿಮಿಷದ ಈ ಕೆಲಸ ಕಲಿಸುವಷ್ಟನ್ನು ಪಠ್ಯದ ನಾಲ್ಕು ಪುಟ ಕಲಿಸುವುದಿಲ್ಲ. ಆದರೆ ‘ಗ್ರಾಫ್ ಸರಿ ಬರಲಿಲ್ಲ’ ಎಂದು ಹಿಂದಿನ ವರ್ಷದವರ ರೆಕಾರ್ಡಿನಿಂದ ಗೆರೆ ಇಳಿಸಿಕೊಂಡರೆ ಆ ಐದು ನಿಮಿಷವೂ ವ್ಯರ್ಥ.

ಕಾಪಿ ಹೊಡೆಯಲು ವಿದ್ಯಾರ್ಥಿಗಳ ಸೋಮಾರಿತನ ಮಾತ್ರ ಕಾರಣವಲ್ಲ. ಸರ್ಕ್ಯೂಟ್ ಏಕೆ ಕೆಲಸ ಮಾಡುತ್ತಿಲ್ಲ ಎಂದು ಹುಡುಕುವ ಕ್ರಮವನ್ನೇ ನಾವು ಕಲಿಸುತ್ತಿಲ್ಲ. ಮೂರು ಗಂಟೆಯ ಅವಧಿಯಲ್ಲಿ ಎರಡು ಗಂಟೆ ತಿನ್ನುವುದು ಬಹಳ ಸಣ್ಣ ಕಾರಣಗಳು. ಬಿಡಿಭಾಗಗಳನ್ನು ತೂತುಗಳಿಗೆ ಸಿಕ್ಕಿಸಿ ಸರ್ಕ್ಯೂಟ್ ಕಟ್ಟುವ ಉದ್ದನೆಯ ಬ್ರೆಡ್‌ಬೋರ್ಡ್‌ಗಳಲ್ಲಿ ಪವರ್ ಸಾಲು ಎಷ್ಟೋ ಸಲ ನಡುವೆ ತುಂಡಾಗಿರುತ್ತದೆ. ತಂತಿ ಹಾಕಿ ಕೂಡಿಸದಿದ್ದರೆ ಅರ್ಧ ಬೋರ್ಡಿಗೆ ಕರೆಂಟೇ ಇಲ್ಲ. ಪ್ಲಸ್ 12, ಮೈನಸ್ 12 ಕೊಟ್ಟು ಎರಡೂ ಸಪ್ಲೈಗಳ ನಡುಬಿಂದುವನ್ನು ಗ್ರೌಂಡಿಗೆ ಸೇರಿಸಲು ಮರೆತರೆ 741ರ ಔಟ್‌ಪುಟ್ ಒಂದು ತುದಿಗೆ ಅಂಟಿ ಕೂರುತ್ತದೆ. ಬಿಸಿ 547 ಟ್ರಾನ್ಸಿಸ್ಟರ್ ಮುಗಿದಿದೆಯೆಂದು ಸ್ಟೋರಿನವರು 2ಎನ್3904 ಕೊಡುತ್ತಾರೆ. ಚಪ್ಪಟೆ ಮುಖ ನಮ್ಮ ಕಡೆ ಇಟ್ಟು ನೋಡಿದರೆ ಮೊದಲನೆಯದರ ಕಾಲುಗಳು ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್, ಎರಡನೆಯದು ತಿರುಗುಮುರುಗು. ಇನ್ನು ಅಲೆಯನ್ನು ಪರದೆಯ ಮೇಲೆ ತೋರಿಸುವ ಸಿಆರ್‌ಒದ ಎರಡೂ ಪ್ರೋಬ್‌ಗಳ ಗ್ರೌಂಡ್ ಕ್ಲಿಪ್ ಒಳಗೆ ಒಂದೇ ಕಡೆ ಸೇರಿರುತ್ತವೆ. ಒಂದನ್ನು ಗ್ರೌಂಡಿಗೂ ಇನ್ನೊಂದನ್ನು ರೆಸಿಸ್ಟರಿನ ವೋಲ್ಟೇಜ್ ಇರುವ ತುದಿಗೂ ಸಿಕ್ಕಿಸಿದರೆ ಆ ಜಾಗ ಶಾರ್ಟ್ ಆಯಿತೆಂದೇ ಲೆಕ್ಕ. ಕಂಪ್ಯೂಟರಿನಲ್ಲೇ ಸರ್ಕ್ಯೂಟ್ ನಡೆಸಿ ನೋಡುವ ಸಿಮ್ಯುಲೇಷನ್‌ನಲ್ಲಿ ಇವು ಯಾವುವೂ ಕಾಣಸಿಗುವುದಿಲ್ಲ. ಹಾಗಾಗಿಯೇ ಲ್ಯಾಬ್ ಬದಲು ಸಾಫ್ಟ್‌ವೇರ್ ಸಾಕೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಲ್ಯಾಬಿಗೆ ಬರುವ ಮುನ್ನ ಒಮ್ಮೆ ಅದರಲ್ಲಿ ಮಾಡಿ ನೋಡಲಿ, ಬೇಡವೆನ್ನುವುದಿಲ್ಲ.

ಟ್ರಾನ್ಸಿಸ್ಟರಿನಿಂದ ಕಟ್ಟುವ ಆರ್‌ಸಿ ಕಪಲ್ಡ್ ಆಂಪ್ಲಿಫೈಯರನ್ನೇ ತೆಗೆದುಕೊಳ್ಳಿ. ಕಟ್ಟಿದ ಕೂಡಲೇ ಸಿಗ್ನಲ್ ಕೊಟ್ಟು ‘ಔಟ್‌ಪುಟ್ ಬರ್ತಿಲ್ಲ ಸರ್’ ಎನ್ನುವ ಬದಲು, ಸಿಗ್ನಲ್ ಇಲ್ಲದೆ ಮೊದಲು ಮಲ್ಟಿಮೀಟರ್ ಹಿಡಿದು ಕಲೆಕ್ಟರ್–ಎಮಿಟರ್ ವೋಲ್ಟೇಜ್ ನೋಡಬೇಕು. 12 ವೋಲ್ಟ್ ಸಪ್ಲೈಗೆ ಅದು 5–6 ವೋಲ್ಟ್ ಇರಬೇಕು. ಹೆಚ್ಚುಕಡಿಮೆ 12 ಇದ್ದರೆ ಟ್ರಾನ್ಸಿಸ್ಟರ್ ಎಚ್ಚೆತ್ತೇ ಇಲ್ಲ. ಬೇಸ್ ಕಡೆಯ ರೆಸಿಸ್ಟರ್ ನೋಡಿ. 0.2 ಇದ್ದರೆ ಪೂರ್ತಿ ಸ್ಯಾಚುರೇಷನ್, ಅಂದರೆ ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗಿ ಕೂತಿದೆ. ಡಿಸಿ ಸರಿಯಿದ್ದೂ ಗೇನ್ ನೂರರ ಬದಲು ನಾಲ್ಕೈದೇ ಬಂದರೆ ಎಮಿಟರ್ ಬೈಪಾಸ್ ಕೆಪಾಸಿಟರಿನ ಕಾಲು ಪಕ್ಕದ ತೂತಿಗೆ ಹೋಗಿದೆ: ಕಲೆಕ್ಟರಿನ 2.2 ಕಿಲೋ ಓಮನ್ನು ಎಮಿಟರಿನ 470 ಓಮ್‌ನಿಂದ ಭಾಗಿಸಿ, ಅದೇ ಸಂಖ್ಯೆ ಸಿಗುತ್ತದೆ. ತಪ್ಪು ರೀಡಿಂಗ್ ತಪ್ಪಿನ ವಿಳಾಸವನ್ನೇ ಹೇಳುತ್ತಿರುತ್ತದೆ, ಓದಲು ಬರಬೇಕಷ್ಟೆ.

ಕಮ್ಯುನಿಕೇಷನ್ ಲ್ಯಾಬ್‌ನ ಸ್ಥಿತಿ ಇನ್ನೂ ಸಪ್ಪೆ. ಎಲ್ಲವೂ ಮೊದಲೇ ಕಟ್ಟಿಟ್ಟ ಟ್ರೇನರ್ ಕಿಟ್. ಪ್ಯಾಚ್ ಕಾರ್ಡ್ ಸಿಕ್ಕಿಸಿ ಅಲೆಯ ಚಿತ್ರ ಬರೆದರೆ ಮುಗಿಯಿತು. ಟೆಲಿಫೋನ್ ಧ್ವನಿ 300ರಿಂದ 3,400 ಹರ್ಟ್ಜ್, ಅದನ್ನು ಸೆಕೆಂಡಿಗೆ 8,000 ಸಲ ಸ್ಯಾಂಪಲ್ ಮಾಡಿ, ಒಂದೊಂದಕ್ಕೆ 8 ಬಿಟ್ ಕೊಟ್ಟರೆ 64 ಕೆಬಿಪಿಎಸ್. ಇದನ್ನು ಬಾಯಿಪಾಠ ಒಪ್ಪಿಸುವವರಿಗೆ, ಫಿಲ್ಟರ್ ತೆಗೆದು 5,000 ಹರ್ಟ್ಜ್ ಸ್ವರ ಕೊಟ್ಟರೆ ಕಿವಿಗೆ ಯಾವ ಸ್ವರ ಕೇಳುತ್ತದೆ ಎಂದು ಕೇಳಿ. 3,000 (8,000ದಲ್ಲಿ 5,000 ಕಳೆದದ್ದು) ಎಂದು ಹೇಳುವವರು ಕಡಿಮೆ, ಕೇಳಿಸಿಕೊಂಡವರು ಇನ್ನೂ ಕಡಿಮೆ. ಯುಎಸ್‌ಬಿಗೆ ಸಿಕ್ಕಿಸುವ ಆರ್‌ಟಿಎಲ್‌–ಎಸ್‌ಡಿಆರ್ ಎಂಬ ಸಣ್ಣ ರಿಸೀವರ್ ಮತ್ತು ಉಚಿತ ಜಿಎನ್‌ಯು ರೇಡಿಯೊ ತಂತ್ರಾಂಶ ಇದ್ದರೆ ಊರಿನ ಎಫ್‌ಎಂ ಕೇಂದ್ರವನ್ನೇ ಮೇಜಿನ ಮೇಲೆ ಡಿಮಾಡ್ಯುಲೇಟ್ ಮಾಡಿ ಧ್ವನಿ ಹೊರತೆಗೆಯಬಹುದು. ಅದಕ್ಕೆ ಆಂಟೆನಾ ಬೇಕೆ? 100 ಮೆಗಾಹರ್ಟ್ಜ್‌ಗೆ ಅರ್ಧ ತರಂಗದೂರ 1.5 ಮೀಟರ್, ತಂತಿಯನ್ನು ಕತ್ತರಿಸಬೇಕಾದ್ದು ಸುಮಾರು 1.43 ಮೀಟರ್. ಆ ಏಳು ಸೆಂಟಿಮೀಟರ್ ಎಲ್ಲಿ ಹೋಯಿತು ಎಂಬುದು ಒಳ್ಳೆಯ ವೈವಾ ಪ್ರಶ್ನೆ.

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಸ್ಕೀಮಿನಲ್ಲಿ ಥಿಯರಿಯ ಜೊತೆಗೇ ಪ್ರಾಯೋಗಿಕ ಸೇರಿಸಿದ ಐಪಿಸಿಸಿ ವಿಷಯಗಳಿವೆ. ಅವುಗಳ ಪ್ರಾಯೋಗಿಕ ಭಾಗಕ್ಕೆ ಅಂಕ ಕೊಡುವವರು ಕಾಲೇಜಿನ ಅಧ್ಯಾಪಕರೇ, ಅಂದರೆ ಬದಲಾವಣೆಗೆ ಬೆಳಗಾವಿಯ ಸುತ್ತೋಲೆಗಾಗಿ ಕಾಯಬೇಕಿಲ್ಲ. ಸರ್ಕ್ಯೂಟ್ ಕಟ್ಟುವ ಮುನ್ನ ತನ್ನ ಕೈಗೆ ಬಂದ ರೆಸಿಸ್ಟರ್, ಕೆಪಾಸಿಟರ್‌ಗಳನ್ನು ಅಳೆದು ಆ ಬೆಲೆಗಳಿಂದಲೇ ಲೆಕ್ಕ ಮಾಡಿದ್ದಾರೆಯೇ ಎಂದು ನೋಡಲಿ. ಡಿಸಿ ರೀಡಿಂಗಿಗೆ ಸಹಿ ಬಿದ್ದ ಮೇಲಷ್ಟೇ ಸಿಗ್ನಲ್ ಕೊಡಲು ಬಿಡಲಿ. ವ್ಯತ್ಯಾಸಕ್ಕೆ ಕಾರಣ ಬರೆದವರಿಗೆ ಅಂಕ ಇರಲಿ, ವ್ಯತ್ಯಾಸವೇ ಇಲ್ಲದ ಪುಟಕ್ಕೆ ಪ್ರಶ್ನೆ ಇರಲಿ. ಟೆಸ್ಟಿನಲ್ಲಿ ಬಾಯಿಪಾಠದ ಸರ್ಕ್ಯೂಟ್ ಕಟ್ಟಿಸುವ ಬದಲು, ಒಂದು ದೋಷ ಸೇರಿಸಿ ಕಟ್ಟಿಟ್ಟ ಸರ್ಕ್ಯೂಟ್ ಕೊಟ್ಟು ಇಪ್ಪತ್ತು ನಿಮಿಷದಲ್ಲಿ ಹುಡುಕಲು ಹೇಳಲಿ. ಇದಾದರೆ ಕೊನೆಯ ವರ್ಷ ಅಂಗಡಿಯಿಂದ ಸಿದ್ಧ ಪ್ರಾಜೆಕ್ಟ್ ಕೊಂಡು ತರುವವರೂ ಕಡಿಮೆಯಾದಾರು. ಅದರೊಳಗಿನ ತಂತಿ ಕಿತ್ತರೆ ಸರಿಪಡಿಸುವುದು ಅವರೇ ತಾನೆ.

ಈ ವರ್ಷ ಸೇರುವವರು ದುಬಾರಿ ಕಿಟ್ ಕೊಳ್ಳಬೇಕಿಲ್ಲ. ಒಂದು ಬ್ರೆಡ್‌ಬೋರ್ಡ್, ಒಂದು ಸಾಧಾರಣ ಮಲ್ಟಿಮೀಟರ್, ಹತ್ತು ಹತ್ತು ರೆಸಿಸ್ಟರ್, ನಾಲ್ಕು 555, ನಾಲ್ಕು 741, ಹತ್ತು ಬಿಸಿ 547 ಸಾಕು, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬಿಡಿಯಾಗಿಯೇ ಸಿಗುತ್ತವೆ. ವಿಭಾಗದ ಮುಖ್ಯಸ್ಥರಲ್ಲಿ ಒಂದು ವಿನಂತಿ: ಲ್ಯಾಬ್‌ನ ಮಲ್ಟಿಮೀಟರ್‌ಗಳನ್ನು ಒಮ್ಮೆ ತೆರೆಸಿ ನೋಡಿ. ಕರೆಂಟ್ ಅಳೆಯುವ ಸ್ಥಾನದಲ್ಲಿಟ್ಟು ಸಪ್ಲೈಗೆ ಅಡ್ಡ ಹಿಡಿದವರಿಂದಾಗಿ ಎಷ್ಟೋ ಮೀಟರ್‌ಗಳ ಒಳಗಿನ ಫ್ಯೂಸ್ ಹೋಗಿರುತ್ತದೆ. ವೋಲ್ಟೇಜ್ ಸರಿಯಾಗಿಯೇ ತೋರಿಸುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಮಿಲಿಆಂಪಿಯರ್ ರೀಡಿಂಗ್ ಮಾತ್ರ ಸೊನ್ನೆ, ರೆಕಾರ್ಡಿನಲ್ಲಿ ಮಾತ್ರ 2.5.

– ಎಲೆಕ್ಟ್ರಾನಿಕ್ಸ್ ವಿಭಾಗದ ಕೆಲವು ಅಧ್ಯಾಪಕರು, ಹಾಸನ