ಹಳೆಯ ಬೇಸ್ ನಾದ ಫಿಲ್ಟರಿನಿಂದ ಬಾರದು

ಮಾನ್ಯ ಸಂಪಾದಕರೇ,

ಕಂಪ್ಯೂಟರಿನಲ್ಲಿ ಸಂಗೀತ ಸಂಯೋಜಿಸುವವರಿಗಾಗಿ ಎಲೆಕ್ಟ್ರಿಕ್ ಬೇಸ್ ಗಿಟಾರಿನ ಒಂದೊಂದು ಸ್ವರವನ್ನೂ ಧ್ವನಿಮುದ್ರಿಸಿ ಸ್ಯಾಂಪಲ್ ಸಂಗ್ರಹ ರೂಪಿಸುವವರು, 1960ರ ದಶಕದ ನಾದ ಬೇಕೆಂದಾಗ ಹೊಸ ತಂತಿಗಳನ್ನು ಮುದ್ರಿಸಿ ಆಮೇಲೆ ಧ್ವನಿಯ ಕೆಲವು ಅಂಶಗಳನ್ನು ತಗ್ಗಿಸುವ ಫಿಲ್ಟರ್ ಹಾಕಿ ಹಳತಾಗಿಸುವುದು ನನಗೆ ಸರಿಕಾಣುವುದಿಲ್ಲ. ಆ ನಾದ ಹುಟ್ಟುವುದೇ ವಾದ್ಯದಲ್ಲಿ ಮತ್ತು ಬೆರಳಿನಲ್ಲಿ. ಅಮೆರಿಕದ ಡೆಟ್ರಾಯಿಟ್‌ನಲ್ಲಿದ್ದ ಮೋಟೌನ್ ಎಂಬ ಸಂಗೀತ ಕಂಪನಿಯ ಸ್ಟುಡಿಯೋದಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನುಡಿಸುತ್ತಿದ್ದ 1962ರ ಫೆಂಡರ್ ಪ್ರಿಸಿಷನ್ ಬೇಸಿಗೆ ನುಣುಪು ಮೈಯ ದಪ್ಪ ತಂತಿಗಳಿದ್ದವು. ತುಂಡಾದ ಹೊರತು ಅವರು ಅವನ್ನು ಬದಲಿಸುತ್ತಿರಲಿಲ್ಲ. ತಂತಿಗಳನ್ನು ವಾದ್ಯದ ಮೈಮೇಲೆ ಆನಿಸುವ ಬ್ರಿಜ್ಜಿನ ಮುಚ್ಚಳದಡಿಯ ಸ್ಪಂಜು ತಂತಿಗೆ ಒತ್ತಿಕೊಂಡು ಅನುರಣನವನ್ನು ಮೊಟಕುಗೊಳಿಸುತ್ತಿತ್ತು, ಬಲಗೈಯ ತೋರುಬೆರಳೊಂದೇ ಮೀಟುತ್ತಿತ್ತು.

ಸಂಗ್ರಹ ರೂಪಿಸುವವರು ಈ ಸಿದ್ಧತೆಯನ್ನು ಮೊದಲು ಮಾಡಿಕೊಂಡು, ಪ್ರತಿ ಸ್ವರವನ್ನೂ ಮೆಲ್ಲಗೆ, ಹದವಾಗಿ, ಬಿರುಸಾಗಿ ಹಲವು ಸಲ ಮುದ್ರಿಸಲಿ. ಒಂದೇ ಮುದ್ರಿಕೆ ಮತ್ತೆ ಮತ್ತೆ ಕೇಳಿಸಿದರೆ ಯಂತ್ರ ಬಡಿದಂತಿರುತ್ತದೆ. ಅತಿ ದಪ್ಪ ತಂತಿಯ ಐದನೆಯ ಫ್ರೆಟ್ಟಿನ (ವಾದ್ಯದ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಸ್ವರವೂ ಪಕ್ಕದ ತಂತಿಯನ್ನು ಒತ್ತದೆ ಮೀಟಿದ ಸ್ವರವೂ ಶ್ರುತಿಯಲ್ಲಿ ಒಂದೇ ಆದರೂ ಬಣ್ಣದಲ್ಲಿ ಬೇರೆಯಾದ್ದರಿಂದ ಎರಡನ್ನೂ ಮುದ್ರಿಸಬೇಕು. ಇದು ದಿನಗಟ್ಟಲೆ ಹಿಡಿಯುವ ಕೆಲಸ, ನಿಜ. ಬೆರಳು ತಂತಿಯನ್ನು ಬಿಡುವಾಗಿನ ಸಣ್ಣ ಸದ್ದನ್ನಂತೂ ದಯವಿಟ್ಟು ಕತ್ತರಿಸಿ ಎಸೆಯಬಾರದೆಂದು ಈ ಕೆಲಸಕ್ಕಿಳಿದಿರುವ ಯುವ ತಂತ್ರಜ್ಞರಲ್ಲಿ ಕೋರುತ್ತೇನೆ.

– ಒಬ್ಬ ಧ್ವನಿಮುದ್ರಣ ತಂತ್ರಜ್ಞ, ಮೈಸೂರು