ಕುತ್ತಿಗೆ ನೋವಿಗೆ ಬೆಲ್ಟ್ ಒಂದೇ ಮದ್ದಾ?

ಮಾನ್ಯ ಸಂಪಾದಕರೇ,

ಇಳಕಲ್ಲಿನಲ್ಲಿ ಸೀರೆ ನೇಯುತ್ತಾ 20 ವರ್ಷ ಆಯಿತು. ಸೆರಗಿಗೆ ಕೊಂಡಿ ಹಾಕುವಾಗ, ಅಂದರೆ ಸೀರೆಯ ಮೈ ಎಳೆಗೆ ಸೆರಗಿನ ಎಳೆ ಜೋಡಿಸುವಾಗ, ತಲೆ ಎತ್ತುವ ಹಾಗೇ ಇಲ್ಲ. ಕುತ್ತಿಗೆ ನೋವು 3 ವರ್ಷದಿಂದ ಬಿಟ್ಟಿಲ್ಲ. ತೋರಿಸಿದಾಗಲೆಲ್ಲ ಮಾತ್ರೆ, ಕೊರಳಿಗೊಂದು ಬೆಲ್ಟ್, ಮುಗಿಯಿತು. ಬೆಲ್ಟ್ ಜಾಸ್ತಿ ದಿನ ಹಾಕಿದರೆ ಸ್ನಾಯು ಇನ್ನೂ ಸೊರಗುತ್ತವೆ ಅಂತ ಯಾರೂ ಹೇಳಲಿಲ್ಲ, ಕೊನೆಗೆ ಬಾಗಲಕೋಟೆಯಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಹೇಳಿದರು.

ಅವರು ಕಲಿಸಿದ್ದು ಇಷ್ಟೇ: ಗೋಡೆಗೆ ಬೆನ್ನು ಕೊಟ್ಟು ಗದ್ದವನ್ನು ನೇರ ಹಿಂದಕ್ಕೆ ಎಳೆದು ಐದು ಎಣಿಸುವುದು, ಹಣೆಗೆ ಅಂಗೈ ಒತ್ತಿ ತಲೆ ಅಲುಗದಂತೆ ತಡೆಯುವುದು, ಹೆಗಲ ಹಿಂದಿನ ಎಲುಬು ಕೂಡಿಸಿ ಬಿಡುವುದು. ಮೊದಲ ವಾರ ನೋವು ಹೆಚ್ಚಾದಂತೆಯೇ ಅನಿಸಿತು, ಸುಮ್ನೆ ಬಿಟ್ಟುಬಿಡೋಣ ಅಂದುಕೊಂಡೆ. ಎರಡು ತಿಂಗಳಿಗೆ ರಾತ್ರಿ ನಿದ್ದೆ ಬಂತು. ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. (ಕೈ ಜೋಮು ಹಿಡಿದು ಹಿಡಿತ ತಪ್ಪುತ್ತಿದ್ದರೆ ಮಾತ್ರ ವ್ಯಾಯಾಮ ಅಂತ ಕೂರಬೇಡಿ, ಮೊದಲು ಡಾಕ್ಟರಿಗೆ ತೋರಿಸಿ.)

ಬಾಗಲಕೋಟೆಗೆ ಒಂದು ಸಲ ಹೋಗಿಬಂದರೆ ದಿನದ ಕೂಲಿ ಹೋಯಿತು. ಕಣ್ಣಿನ ಶಿಬಿರ ಓಣಿಗೇ ಬರುತ್ತದೆ, ಅಲ್ವಾ? ಹಾಗೇ ಆರೋಗ್ಯ ಇಲಾಖೆಯವರು ತಿಂಗಳಿಗೊಮ್ಮೆ ಫಿಸಿಯೋಥೆರಪಿಸ್ಟ್ ಒಬ್ಬರನ್ನು ನೇಕಾರರ ಓಣಿಗೆ ಕಳಿಸಲಿ, ನಾವು ಮಗ್ಗದಲ್ಲಿ ಕೂರುವುದನ್ನು ಅವರು ಕಣ್ಣಾರೆ ನೋಡಲಿ.

ಒಬ್ಬ ನೇಕಾರ, ಇಳಕಲ್