ಬಾಟಲಿಯ ಅಳತೆ ಕನ್ನಡದಲ್ಲಿರಲಿ

ಮಾನ್ಯರೆ,

ಕಳೆದ ತಿಂಗಳು ನನ್ನ ಮೊಮ್ಮಗ ಸೈಕಲ್‌ನಿಂದ ಬಿದ್ದು ಮಂಡಿ ತರಚಿಕೊಂಡು ಬಂದ. ಮನೆಯಲ್ಲಿ ಗಾಯ ತೊಳೆಯುವ ಆಂಟಿಸೆಪ್ಟಿಕ್ ಇತ್ತು. ನೀರು ಬೆರೆಸದೆ ಹತ್ತಿಯಲ್ಲಿ ಅದ್ದಿ, ಮಂಡಿಗಿಟ್ಟು ಬಟ್ಟೆ ಕಟ್ಟಿಬಿಟ್ಟೆ. ಹುಡುಗ ಕಿರುಚಿದ. "ಉರಿದ್ರೇನೇ ವಾಸಿ ಆಗೋದು" ಅಂದೆ. ನಮ್ಮಮ್ಮ ನನಗೆ ಹೇಳುತ್ತಿದ್ದ ಮಾತೇ ಅದು. ಬೆಳಿಗ್ಗೆ ಬಿಚ್ಚಿದರೆ ಗಾಯದ ಸುತ್ತಲಿನ ಒಳ್ಳೆ ಚರ್ಮವೂ ಬೊಬ್ಬೆ ಎದ್ದಿತ್ತು. "ಬಿದ್ದ ಗಾಯಕ್ಕಿಂತ ನೀವು ಮಾಡಿದ್ದೇ ಜಾಸ್ತಿ ಕಣಮ್ಮ" ಎಂದರು ಆಸ್ಪತ್ರೆಯ ಸಿಸ್ಟರ್.

ಮನೆಗೆ ಬಂದು ಮಗಳ ಕೈಲಿ ಬಾಟಲಿ ಓದಿಸಿದೆ. ಕ್ಲೋರೋಕ್ಸಿಲೆನಾಲ್ (ಕ್ರಿಮಿ ಕೊಲ್ಲುವ ಅಂಶ) 4.8%. ಗಾಯ ತೊಳೆಯಲು 15 ಮಿ.ಲೀ. ಔಷಧಿಗೆ 300 ಮಿ.ಲೀ. ನೀರು. ಅಂದರೆ ಮೂರು ಟೀ ಚಮಚಕ್ಕೆ ದೊಡ್ಡ ಲೋಟದ ತುಂಬ ನೀರು. ಬೇರೆ ಔಷಧಿಗೆ ಬೇರೆ ಲೆಕ್ಕ, ಇದೇ ಅಳತೆ ಎಲ್ಲದಕ್ಕೂ ಬರುವುದಿಲ್ಲ. ನಾನೋ, ನೀರು ಬೆರೆಸಿದಾಗಲೂ ಬೆಳ್ಳಗಾದರೆ ಸಾಕು, ಅಳತೆ ಸರಿ ಎಂದುಕೊಂಡಿದ್ದೆ. ಅದರ ಎಣ್ಣೆ ಅಂಶ ನೀರಲ್ಲಿ ಕರಗದೆ ಸಣ್ಣ ಹನಿಗಳಾಗಿ ಉಳಿಯುವುದರಿಂದ ಆ ಬಿಳುಪು. ಒಂದು ಚಮಚ ಹಾಕಿದರೂ ಬೆಳ್ಳಗೇ, ಅರ್ಧ ಬಾಟಲಿ ಸುರಿದರೂ ಬೆಳ್ಳಗೇ!

ಇದೆಲ್ಲ ಇರುವುದು ಇರುವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿ. ನಾನು ಬಟ್ಟೆ ಹೊಲಿಯುವವಳು, ಸೂಜಿಗೆ ದಾರ ಪೋಣಿಸುವ ಕಣ್ಣು. ನನಗೇ ಕಾಣಲಿಲ್ಲ. ಕಂಪನಿಯವರು ಅಳತೆಯ ಒಂದು ಸಾಲನ್ನಾದರೂ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಹಾಕಬೇಕು. ಅಲ್ಲಿಯವರೆಗೆ ಮೆಡಿಕಲ್ ಶಾಪಿನವರು ದಯವಿಟ್ಟು ಪೆನ್ನು ತೆಗೆಯಲಿ. ಮಾತ್ರೆ ಕವರಿನ ಮೇಲೆ ಬೆಳಿಗ್ಗೆ, ರಾತ್ರಿ ಎಂದು ಬರೆದುಕೊಡುತ್ತಾರಲ್ವಾ, ಬಾಟಲಿ ಮೇಲೂ "ನೀರು ಬೆರೆಸಿ, ಇಷ್ಟು" ಎಂದು ಬರೆಯಲು ಎಷ್ಟು ಹೊತ್ತು?

ಇನ್ನೊಂದು ಮಾತು. ನಮ್ಮ ಬೀದಿಯಲ್ಲಿ ಒಬ್ಬರು ಇದನ್ನು ಖಾಲಿ ಜ್ಯೂಸ್ ಬಾಟಲಿಗೆ ಬಗ್ಗಿಸಿ ಇಟ್ಟಿದ್ದರು. ಓಡಾಡುವ ಮಗು ಇರುವ ಮನೆ! ಹಾಗೇನೇ, ನಾಯಿ ಕಚ್ಚಿದರೆ ಇದನ್ನು ಸವರಿ ಸುಮ್ನೆ ಕೂರುವವರೂ ಇದ್ದಾರೆ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಇಂಜೆಕ್ಷನ್‌ಗೆ ಓಡಬೇಕು.

ಮೊಮ್ಮಗನ ಮಂಡಿ ಈಗ ವಾಸಿಯಾಗಿದೆ. ಒಂದು ಹಳೇ ಮಗ್ಗಿಗೆ 300 ಮಿ.ಲೀ. ಮಟ್ಟದಲ್ಲಿ ಕೆಂಪು ನೇಲ್ ಪಾಲಿಶ್‌ನಿಂದ ಗೆರೆ ಎಳೆದಿದ್ದೇನೆ. ಅದಕ್ಕೆ ಬಚ್ಚಲಲ್ಲಿ ಬೇರೆಯೇ ಮೊಳೆ. ಬೇರೆ ಯಾವುದಕ್ಕೂ ಅದನ್ನು ಮುಟ್ಟುವ ಹಾಗಿಲ್ಲ.

– ಒಬ್ಬ ಓದುಗಿ, ತಿಪಟೂರು